ಕ್ಯಾಮೆರಾ ಸರ್ವೋಗೆ ಟಾರ್ಕ್ ಆಮೇಲೆ, ಮೊದಲು ಪ್ಲೇ ನೋಡಿ

(ಮಾಡೆಲ್ ವಿಮಾನ ಹಾರಿಸುವ ಗೆಳೆಯರ ಸಭೆಯೊಂದರಲ್ಲಿ ಮಾತಾಡಿದ್ದರ ಬರಹ ರೂಪ. ಬರೆಯುವಾಗ ಕೆಲವು ಲೆಕ್ಕಗಳನ್ನು ಸ್ವಲ್ಪ ಬಿಡಿಸಿ ಹೇಳಿದ್ದೇನೆ. ಪ್ರಶ್ನೆಗಳು ಎಲ್ಲಿ ಬಂದವೋ ಅಲ್ಲೇ ಇವೆ.)

ಎಲ್ಲರಿಗೂ ನಮಸ್ಕಾರ.

ಸರ್ವೋ, ಅಂದರೆ ರೇಡಿಯೋದಿಂದ ಹೇಳಿದಷ್ಟು ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟರ್ ಪೆಟ್ಟಿಗೆ. ಅದರ ಹೆಸರೆತ್ತಿದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಎಷ್ಟು ಕೆ.ಜಿ. ಸರ್ವೋ ಹಾಕಬೇಕು ಸಾರ್?" ಅಂದರೆ ಎಷ್ಟು ಟಾರ್ಕ್, ತಿರುಗಿಸುವ ಬಲ ಎಷ್ಟು ಅಂತ. ವಿಮಾನದ ಮೂತಿಯ ಮೇಲೆ ಕ್ಯಾಮೆರಾ ಕೂರಿಸಿ, ಅದನ್ನು ಎಡಬಲಕ್ಕೂ ಮೇಲೆಕೆಳಕ್ಕೂ ತಿರುಗಿಸುವ ಕೆಲಸಕ್ಕೆ, ಅಂದರೆ ನಾವು ಪ್ಯಾನ್-ಟಿಲ್ಟ್ ಅನ್ನುವ ಕೆಲಸಕ್ಕೆ, ಇದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ನೋಡಬೇಕಾದ್ದು ಪ್ಲೇ, ಅಂದರೆ ಗೇರುಗಳ ನಡುವಿನ ಸಡಿಲ. ನನ್ನ ಮಾತು ನಂಬಬೇಡಿ, ಲೆಕ್ಕ ಹಾಕಿ ನೋಡೋಣ.

ಕ್ಯಾಮೆರಾ 30 ಗ್ರಾಂ ಇದೆ ಅಂತ ಇಟ್ಟುಕೊಳ್ಳಿ. ಅದರ ತೂಕದ ಮಧ್ಯ ಟಿಲ್ಟ್ ಆಗುವ ಅಕ್ಷದಿಂದ ಒಂದೂವರೆ ಸೆಂ.ಮೀ. ಮುಂದಿದೆ. ಗುಣಿಸಿದರೆ 45 ಗ್ರಾಂ-ಸೆಂ.ಮೀ. ವಿಮಾನವನ್ನು ಡೈವ್‌ನಿಂದ ಜೋರಾಗಿ ಮೇಲೆತ್ತುವಾಗ 4 ಜಿ ಬಂತು, ಅಂದರೆ ತೂಕ ನಾಲ್ಕು ಪಟ್ಟಾಯಿತು ಅನ್ನಿ, ಅದು 180 ಆಯಿತು. ಇನ್ನು ಗಾಳಿ. ಗಂಟೆಗೆ 72 ಕಿ.ಮೀ., ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ, 4 ಸೆಂ.ಮೀ. ಉದ್ದ 4 ಸೆಂ.ಮೀ. ಅಗಲದ ಕ್ಯಾಮೆರಾ ಮುಖವನ್ನು ಗಾಳಿ ತಳ್ಳುವುದು ಸುಮಾರು 40 ಗ್ರಾಂ ತೂಕದಷ್ಟು. ಅದು ಅಕ್ಷದಿಂದ 2 ಸೆಂ.ಮೀ. ದೂರ ಬಿದ್ದರೆ ಇನ್ನೊಂದು 80. ಎಲ್ಲ ಒಟ್ಟಿಗೇ ಬಂದರೂ 260 ಗ್ರಾಂ-ಸೆಂ.ಮೀ. ಕಾಲು ಕೆ.ಜಿ. ಅಷ್ಟೇ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗಡಿ ಅಂಗಡಿಗೂ ಸಿಗುವ ಆ ನೀಲಿ ಎಸ್‌ಜಿ 90 ಇದೆಯಲ್ಲ, 9 ಗ್ರಾಂ ತೂಕದ್ದು, ಅದರ ವಿವರದಲ್ಲೇ 4.8 ವೋಲ್ಟಿಗೆ 1.8 ಕೆ.ಜಿ.-ಸೆಂ.ಮೀ. ಅಂತ ಕೊಟ್ಟಿರುತ್ತಾರೆ. ಅದು ಸ್ಟಾಲ್ ಟಾರ್ಕ್, ಮೋಟರ್ ತಿರುಗಲಾಗದೆ ನಿಂತೇ ಹೋಗುವ ಹಂತದ ಅಂಕಿ. ಅದರಲ್ಲಿ ಮೂರನೇ ಒಂದು ಪಾಲನ್ನು ಮಾತ್ರ ನಂಬುತ್ತೇನೆ ಅಂದರೂ 600 ಸಿಗುತ್ತದೆ. ಬೇಕಾದ್ದಕ್ಕಿಂತ ಎರಡು ಪಟ್ಟು ಜಾಸ್ತಿ.

ಹಾಗಾದರೆ ಅದೇ ಸರ್ವೋ ಹಾಕಿದಾಗ ಚಿತ್ರ ಯಾಕೆ ಅಷ್ಟು ನಡುಗುತ್ತದೆ? ಶಕ್ತಿ ಸಾಲದೆ ಅಲ್ಲ. ಇಲ್ಲೇ ಜನ ದಾರಿ ತಪ್ಪುತ್ತಾರೆ. ಚಿತ್ರ ನಡುಗಿತು ಅಂತ ದೊಡ್ಡ ಟಾರ್ಕಿನ ಸರ್ವೋ ತರುತ್ತಾರೆ, ತೂಕ ಜಾಸ್ತಿ, ಕರೆಂಟ್ ಜಾಸ್ತಿ, ಮೂತಿ ಭಾರ, ಚಿತ್ರ ಮಾತ್ರ ಹಾಗೇ ನಡುಗುತ್ತಿರುತ್ತದೆ.

ಎಲಿವೇಟರ್, ಅಂದರೆ ವಿಮಾನದ ಮೂತಿಯನ್ನು ಏರಿಸಿ ಇಳಿಸುವ ಬಾಲದ ಪಟ್ಟಿ, ಅದರ ಸರ್ವೋನ ಕೆಲಸ ನೋಡಿ. ಸರ್ವೋಗೂ ಎಲಿವೇಟರ್‌ಗೂ ನಡುವೆ ಪುಶ್‌ರಾಡ್, ಅಂದರೆ ತಳ್ಳುವ ಕಡ್ಡಿ ಇದೆ. ಸರ್ವೋ 60 ಡಿಗ್ರಿ ತಿರುಗಿದರೆ ಎಲಿವೇಟರ್ 20 ಡಿಗ್ರಿ ಆಡುತ್ತದೆ ಅನ್ನಿ. ಆಗ ಸರ್ವೋ ಒಂದು ಡಿಗ್ರಿ ತಪ್ಪಿದರೂ ಎಲಿವೇಟರ್‌ಗೆ ತಲುಪುವುದು ಅದರ ಮೂರನೇ ಒಂದು ಪಾಲು. ಜೊತೆಗೆ ಹಾರುವಾಗ ಗಾಳಿ ಅದನ್ನು ಒಂದೇ ಕಡೆಗೆ ಒತ್ತಿ ಹಿಡಿದಿರುತ್ತದೆ, ಗೇರ್ ಹಲ್ಲುಗಳ ನಡುವಿನ ಸಂದು ನಮ್ಮ ಗಮನಕ್ಕೇ ಬರುವುದಿಲ್ಲ. ಕ್ಯಾಮೆರಾಗೆ ಈ ಎರಡು ಅನುಕೂಲವೂ ಇಲ್ಲ. ಹಾರ್ನ್, ಅಂದರೆ ಸರ್ವೋ ಶಾಫ್ಟಿನ ತೋಳಿನ ಮೇಲೆ ನೇರವಾಗಿ ಕೂತಿದೆ. ಸರ್ವೋ ಒಂದು ಡಿಗ್ರಿ ತಪ್ಪಿದರೆ ಕ್ಯಾಮೆರಾನೂ ಒಂದು ಡಿಗ್ರಿ ತಪ್ಪುತ್ತದೆ, ಲೆನ್ಸ್ ಅದನ್ನು ಪರದೆಗೆ ತಂದು ತೋರಿಸುತ್ತದೆ. 1280 ಪಿಕ್ಸೆಲ್ ಅಗಲದ ಚಿತ್ರ 90 ಡಿಗ್ರಿ ನೋಟ ಕೊಡುತ್ತಿದ್ದರೆ ಒಂದು ಡಿಗ್ರಿಗೆ 14 ಪಿಕ್ಸೆಲ್. ಸಹಿಸಬಹುದು. ಆದರೆ 1920 ಪಿಕ್ಸೆಲ್ ಅಗಲದಲ್ಲಿ 30 ಡಿಗ್ರಿ ಮಾತ್ರ ಕಾಣುವ ಕಿರಿದಾದ ಲೆನ್ಸ್ ಹಾಕಿದಿರೋ, ಅದೇ ಒಂದು ಡಿಗ್ರಿಗೆ 64 ಪಿಕ್ಸೆಲ್. ದೂರದ ತೆಂಗಿನ ಮರ ಪರದೆ ಮೇಲೆ ಕುಣಿಯುತ್ತದೆ.

ಈ ಒಂದು ಡಿಗ್ರಿ ಎಲ್ಲಿಂದ ಬರುತ್ತದೆ ಅಂತ ತಿಳಿಯಬೇಕಾದರೆ ಸರ್ವೋ ಒಳಗೆ ಒಮ್ಮೆ ಇಣುಕಬೇಕು. ಒಂದು ಪುಟ್ಟ ಮೋಟರ್, ನಾಲ್ಕೈದು ಗೇರು, ಹೊರಗಿನ ಶಾಫ್ಟಿಗೆ ಜೋಡಿಸಿದ ಒಂದು ಪೊಟೆನ್ಶಿಯೋಮೀಟರ್, ಒಂದು ಬೋರ್ಡು. ವಿಮಾನದಲ್ಲಿ ರೇಡಿಯೋ ಸಿಗ್ನಲ್ ಹಿಡಿಯುವ ರಿಸೀವರ್ 20 ಮಿಲಿಸೆಕೆಂಡಿಗೆ ಒಮ್ಮೆ ಒಂದು ಪಲ್ಸ್ ಕಳಿಸುತ್ತದೆ. 1500 ಮೈಕ್ರೊಸೆಕೆಂಡ್ ಉದ್ದದ್ದಾದರೆ ನಡುವೆ, 1000 ಆದರೆ ಒಂದು ಕೊನೆ, 2000 ಆದರೆ ಇನ್ನೊಂದು ಕೊನೆ. ಬೋರ್ಡು ಈ ಪಲ್ಸನ್ನೂ ಪೊಟೆನ್ಶಿಯೋಮೀಟರ್ ಹೇಳುವ ಜಾಗವನ್ನೂ ಹೋಲಿಸಿ ಮೋಟರ್ ಓಡಿಸುತ್ತದೆ. ವ್ಯತ್ಯಾಸ ತೀರಾ ಚಿಕ್ಕದಾದರೆ ಸುಮ್ನೆ ಇರುತ್ತದೆ. ಹಾಗೆ ಸುಮ್ಮನಿರುವ ಅಗಲಕ್ಕೆ ಡೆಡ್ ಬ್ಯಾಂಡ್ ಅನ್ನುತ್ತಾರೆ. ಅದು ಇಲ್ಲದಿದ್ದರೆ ಸರ್ವೋ ಆ ಕಡೆ ಈ ಕಡೆ ಹುಡುಕಾಡುತ್ತಾ ಗುಯ್‌ಗುಡುತ್ತಲೇ ಇರುತ್ತದೆ.

ಅಗ್ಗದ 9 ಗ್ರಾಂ ಸರ್ವೋಗಳ ವಿವರದಲ್ಲಿ ಡೆಡ್ ಬ್ಯಾಂಡ್ 10 ಮೈಕ್ರೊಸೆಕೆಂಡ್ ಅಂತ ಇರುತ್ತದೆ. ಸಾವಿರ ಮೈಕ್ರೊಸೆಕೆಂಡಿಗೆ 90 ಡಿಗ್ರಿ ಅಂದರೆ 10ಕ್ಕೆ 0.9 ಡಿಗ್ರಿ. ನಮ್ಮ ಒಂದು ಡಿಗ್ರಿ ಇಲ್ಲೇ ಸಿಕ್ಕಿತು, ಅಲ್ವಾ? ಒಳ್ಳೆ ಡಿಜಿಟಲ್ ಸರ್ವೋಗಳಲ್ಲಿ ಇದು 2 ಮೈಕ್ರೊಸೆಕೆಂಡ್ ಇರುತ್ತದೆ, ಅಂದರೆ 0.18 ಡಿಗ್ರಿ. ಇದರ ಮೇಲೆ ಗೇರ್ ಹಲ್ಲುಗಳ ಸಂದಿನ ಸಡಿಲ ಬೇರೆ. ನಮ್ಮ ಮೆಕ್ಯಾನಿಕ್‌ಗಳು "ಪ್ಲೇ ಇದೆ" ಅನ್ನುತ್ತಾರಲ್ಲ, ಅದೇ. ಹಳೇ ಸೈಕಲ್ ಹ್ಯಾಂಡಲ್ ಹಾಗೆ: ನೀವು ಅಲ್ಲಾಡಿಸಿದರೆ ಸ್ವಲ್ಪ ದೂರ ಚಕ್ರಕ್ಕೆ ಗೊತ್ತೇ ಆಗುವುದಿಲ್ಲ. ಡೆಡ್ ಬ್ಯಾಂಡ್ ಮತ್ತು ಪ್ಲೇ, ಈ ಎರಡೂ ಕಡಿಮೆ ಇರುವ ಸರ್ವೋ ನಮಗೆ ಬೇಕು. ಬೇಸರದ ವಿಷಯ ಅಂದರೆ ಡೆಡ್ ಬ್ಯಾಂಡ್ ಆದರೂ ಕೆಲವರು ಬರೆಯುತ್ತಾರೆ, ಪ್ಲೇ ಎಷ್ಟಿದೆ ಅಂತ ಪೆಟ್ಟಿಗೆಯ ಮೇಲೆ ಬರೆದವರನ್ನು ನಾನು ಕಂಡಿಲ್ಲ. ಟಾರ್ಕ್ ಮಾತ್ರ ದಪ್ಪ ಅಕ್ಷರದಲ್ಲಿ.

ಹಾಗಾಗಿ ನಾವೇ ಅಳೆಯಬೇಕು. ದೊಡ್ಡ ಸಾಮಾನೇನೂ ಬೇಡ. ಬೀದಿಯಲ್ಲಿ ಮಾರುವ ಲೇಸರ್ ಪಾಯಿಂಟರ್ ಒಂದು, ಗುಂಡಿ ತಿರುಗಿಸುವ ಸರ್ವೋ ಟೆಸ್ಟರ್ ಒಂದು. ಸರ್ವೋವನ್ನು ಮೇಜಿಗೆ ಬಿಗಿಯಾಗಿ ಕ್ಲ್ಯಾಂಪ್ ಮಾಡಿ, ಹಾರ್ನ್ ಮೇಲೆ ಲೇಸರ್ ಕಟ್ಟಿ, 3 ಮೀಟರ್ ದೂರದ ಗೋಡೆಗೆ ಬಿಡಿ. ಆ ದೂರದಲ್ಲಿ ಒಂದು ಡಿಗ್ರಿ ಅಂದರೆ ಗೋಡೆಯ ಮೇಲೆ 5.2 ಸೆಂ.ಮೀ. ಮಿಲಿಮೀಟರ್ ಲೆಕ್ಕದಲ್ಲಿ ಸರ್ವೋನ ಗುಣ ಕಾಣುತ್ತದೆ. ಮೊದಲು ಕರೆಂಟ್ ಕೊಟ್ಟು ನಿಲ್ಲಿಸಿ, ಹಾರ್ನ್ ತುದಿಯನ್ನು ಬೆರಳಿಂದ ಮೆಲ್ಲಗೆ ಆ ಕಡೆ ಈ ಕಡೆ ಮುಟ್ಟಿ. ಚುಕ್ಕೆ ಎಷ್ಟು ಓಡಾಡಿತೋ ಅದು ಪ್ಲೇ, ಡೆಡ್ ಬ್ಯಾಂಡ್ ಎರಡೂ ಸೇರಿದ್ದು. ಆಮೇಲೆ ಎಡದಿಂದ ನಡುವಿಗೆ ತನ್ನಿ, ಚುಕ್ಕೆಯ ಜಾಗ ಗುರುತು ಹಾಕಿ. ಬಲದಿಂದ ನಡುವಿಗೆ ತನ್ನಿ, ಮತ್ತೆ ಗುರುತು ಹಾಕಿ. ಎರಡು ಗುರುತಿನ ನಡುವೆ ಎಷ್ಟು ದೂರ ಇದೆಯೋ, ಹಾರುವಾಗ ನಿಮ್ಮ ದಿಗಂತ ಅಷ್ಟು ತಪ್ಪುತ್ತದೆ. ಮೂರನೆಯದಾಗಿ ಗುಂಡಿಯನ್ನು ಆದಷ್ಟು ನಿಧಾನ ತಿರುಗಿಸಿ. ಚುಕ್ಕೆ ಜಾರುತ್ತಾ ಹೋಗುತ್ತದೋ, ಹೆಜ್ಜೆ ಹೆಜ್ಜೆ ಹಾರುತ್ತದೋ ನೋಡಿ.

ಒಂದೇ ಅಂಗಡಿಯಲ್ಲಿ, ಒಂದೇ ಪೆಟ್ಟಿಗೆಯಿಂದ ತಂದ ನಾಲ್ಕು ಸರ್ವೋ ಈ ಪರೀಕ್ಷೆಯಲ್ಲಿ ನಾಲ್ಕು ಥರ ಇರುತ್ತವೆ. ಎಸ್‌ಜಿ 90 ಅಂತ ಸ್ಟಿಕರ್ ಇರುವುದೆಲ್ಲ ಒಂದೇ ಕಾರ್ಖಾನೆಯದಲ್ಲ, ನಕಲುಗಳೇ ಜಾಸ್ತಿ.

ಇಲ್ಲಿ ಒಬ್ಬರು ಕೇಳಿದರು: "ಮೆಟಲ್ ಗೇರ್ ಹಾಕಿದರೆ ಪ್ಲೇ ಹೋಗುತ್ತಲ್ಲ ಸಾರ್?"

ಹೋಗುವುದಿಲ್ಲ. ಮೆಟಲ್ ಗೇರ್ ಕೊಡುವುದು ಗಟ್ಟಿತನ. ವಿಮಾನ ಹೊಟ್ಟೆ ಮೇಲೆ ಇಳಿದು ಮೂತಿ ನೆಲಕ್ಕೆ ತಾಗಿದಾಗ ನೈಲಾನ್ ಗೇರಿನ ಹಲ್ಲು ಹಾರುತ್ತದೆ, ಮೆಟಲ್ ಉಳಿಯುತ್ತದೆ. ಆದರೆ ಹೊಸದರಲ್ಲಿ ಒಳ್ಳೆ ನೈಲಾನ್ ಗೇರು ಎಷ್ಟೋ ಸಲ ಅಗ್ಗದ ಮೆಟಲ್ ಗೇರಿಗಿಂತ ಬಿಗಿಯಾಗಿ ಕೂತಿರುತ್ತದೆ. ಮೆಟಲ್ ಗೇರು ಸವೆಯುತ್ತಾ ಸವೆಯುತ್ತಾ ಪ್ಲೇ ಹೆಚ್ಚುತ್ತದೆ. ಕಂಪನ ಇರುವ ಕಡೆ ಇನ್ನೂ ಬೇಗ. ಹೈಟೆಕ್ ಕಂಪನಿಯವರದು ಕಾರ್ಬೊನೈಟ್ ಅಂತ ಗೇರು ಬರುತ್ತದೆ, ಗಟ್ಟಿ ಮಾಡಿದ ನೈಲಾನ್, ಅದು ಈ ಎರಡರ ನಡುವೆ ಒಳ್ಳೆ ಆಯ್ಕೆ. ನನ್ನ ಪದ್ಧತಿ: ನೆಲಕ್ಕೆ ತಾಗುವ ಭಯ ಇರುವ ಟಿಲ್ಟಿಗೆ ಮೆಟಲ್, ಪ್ಯಾನ್‌ಗೆ ನೈಲಾನ್. ಗೇರ್ ಯಾವುದೇ ಇರಲಿ, ಹೊರ ಶಾಫ್ಟಿಗೆ ಬಾಲ್ ಬೇರಿಂಗ್ ಇದೆಯಾ ಕೇಳಿ. ಅದು ಇಲ್ಲದಿದ್ದರೆ ಶಾಫ್ಟ್ ತಿರುಗುವುದರ ಜೊತೆಗೆ ವಾಲುತ್ತದೆ ಕೂಡ, ಕ್ಯಾಮೆರಾ ತಲೆ ಆಡಿಸಿದ ಹಾಗೆ ಆಗುತ್ತದೆ.

ಅದೇ ಉಸಿರಿನಲ್ಲಿ ಅನಲಾಗ್, ಡಿಜಿಟಲ್. ಅನಲಾಗ್ ಸರ್ವೋನ ಬೋರ್ಡು ಪಲ್ಸ್ ಬಂದಾಗ ಮಾತ್ರ ಮೋಟರ್‌ಗೆ ಒಂದು ತಳ್ಳು ಕೊಡುತ್ತದೆ, ಸೆಕೆಂಡಿಗೆ 50 ಸಲ. ನಿಧಾನವಾಗಿ ತಿರುಗಿಸುವಾಗ ಈ ತಳ್ಳುಗಳು ಒಂದೊಂದಾಗಿ ಕಾಣುತ್ತವೆ. ಡಿಜಿಟಲ್ ಸರ್ವೋನಲ್ಲಿ ಒಳಗಿನ ಪ್ರೊಸೆಸರ್ ಸೆಕೆಂಡಿಗೆ 300 ಸಲದಷ್ಟು ತಳ್ಳುತ್ತದೆ. ನಯವಾಗಿ ಹೋಗುತ್ತದೆ, ನಿಂತ ಜಾಗದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಬದಲಿಗೆ ಕರೆಂಟ್ ಜಾಸ್ತಿ ತಿನ್ನುತ್ತದೆ, ಗುಯ್ ಅನ್ನುತ್ತದೆ. ವಿಡಿಯೋದಲ್ಲಿ ಶಬ್ದವೂ ಬೇಕು ಅನ್ನುವವರಿಗೆ ಇದೊಂದು ಕಿರಿಕಿರಿ. ಹಾರುವಾಗ ಪ್ರೊಪೆಲ್ಲರ್ ಸದ್ದಿನಲ್ಲಿ ಅದು ಯಾರಿಗೂ ಕೇಳುವುದಿಲ್ಲ ಬಿಡಿ. ದುಡ್ಡಿದ್ದರೆ ಪ್ಯಾನ್‌ಗೆ ಡಿಜಿಟಲ್ ಹಾಕಿ. ಟಿಲ್ಟಿಗೆ ಅನಲಾಗ್ ಸಾಕು, ಯಾಕೆ ಅಂತ ಈಗ ಹೇಳುತ್ತೇನೆ.

ಕ್ಯಾಮೆರಾವನ್ನು ಟಿಲ್ಟ್ ಅಕ್ಷದ ಮೇಲೆ ಸರಿಯಾಗಿ ಬ್ಯಾಲೆನ್ಸ್ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು, ಪೂರ್ತಿ ಬ್ಯಾಲೆನ್ಸ್ ಮಾಡಬೇಡಿ. ಪೂರ್ತಿ ಬ್ಯಾಲೆನ್ಸ್ ಆದ ಕ್ಯಾಮೆರಾಗೆ ಗೇರ್ ಸಂದಿನೊಳಗೆ ಯಾವ ಕಡೆ ಒರಗಬೇಕು ಅಂತ ಗೊತ್ತಿರುವುದಿಲ್ಲ, ಗಾಳಿ ಬಂದ ಹಾಗೆ ಹಲ್ಲಿನ ಆ ಬದಿಗೂ ಈ ಬದಿಗೂ ಬಡಿಯುತ್ತಿರುತ್ತದೆ. ಕ್ಯಾಮೆರಾವನ್ನು ಕೆಲವು ಮಿಲಿಮೀಟರ್ ಮುಂದಕ್ಕೆ ಕೂರಿಸಿ. ಅದರ ತೂಕವೇ ಗೇರನ್ನು ಒಂದು ಬದಿಗೆ ಒತ್ತಿ ಹಿಡಿಯುತ್ತದೆ, ಎಲಿವೇಟರ್‌ನಲ್ಲಿ ಗಾಳಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ತೂಕ ಮಾಡುತ್ತದೆ. ಟಾರ್ಕ್ ಲೆಕ್ಕದಲ್ಲಿ ನಮಗೆ ಉಳಿತಾಯ ಇತ್ತಲ್ಲ, ಅದನ್ನು ಇಲ್ಲಿ ಖರ್ಚು ಮಾಡಿ. ತೂಕದ ಬದಲು ಒಂದು ಸಣ್ಣ ರಬ್ಬರ್ ಬ್ಯಾಂಡ್, ಇಲ್ಲ ಮೆತ್ತಗಿನ ಸ್ಪ್ರಿಂಗ್ ಕೂಡ ಆಗುತ್ತದೆ, ಮಗುಚಿ ಹಾರಿದರೂ ಅದು ಬಿಡುವುದಿಲ್ಲ. ಪ್ಯಾನ್‌ಗೆ ಈ ಉಪಾಯ ಅಷ್ಟು ಸುಲಭ ಅಲ್ಲ. ಅಕ್ಷ ನೆಟ್ಟಗೆ ನಿಂತಿರುವುದರಿಂದ ತೂಕ ಯಾವ ಕಡೆಗೂ ಎಳೆಯುವುದಿಲ್ಲ, ರಬ್ಬರ್ ಬ್ಯಾಂಡ್ ಹಾಕಿದರೆ 180 ಡಿಗ್ರಿ ಉದ್ದಕ್ಕೂ ಒಂದೇ ಸಮ ಎಳೆಯುವ ಹಾಗೆ ಕಟ್ಟುವುದು ಕಷ್ಟ. ಅದಕ್ಕೇ ಒಳ್ಳೆ ಸರ್ವೋ ಪ್ಯಾನ್‌ಗೆ ಅಂದಿದ್ದು.

ಪ್ಯಾನ್ ಸರ್ವೋ ಶಾಫ್ಟ್ ಮೇಲೆ ಇಡೀ ಟಿಲ್ಟ್ ಜೋಡಣೆ, ಕ್ಯಾಮೆರಾ ಎಲ್ಲ ಹೊರಿಸಬೇಡಿ. ಕೆಳಗೆ ಅಗಲವಾದ ಒಂದು ಟೆಫ್ಲಾನ್ ವಾಷರ್ ಅಥವಾ ತೆಳು ಬೇರಿಂಗ್ ಕೊಡಿ. ಭಾರ ಅದು ಹೊರಲಿ, ಸರ್ವೋ ಸುಮ್ನೆ ತಿರುಗಿಸಲಿ. ಟಿಲ್ಟಿನಲ್ಲೂ ಸರ್ವೋ ಇರುವ ಬದಿಗೆ ಎದುರು ಬದಿಯಲ್ಲಿ ಒಂದು ಸ್ಕ್ರೂ-ಬುಶ್ ಇರಲೇಬೇಕು. ಅಗ್ಗದ ಪ್ಲಾಸ್ಟಿಕ್ ಪ್ಯಾನ್-ಟಿಲ್ಟ್ ಸೆಟ್ಟುಗಳಲ್ಲಿ ಆ ಜಾಗದಲ್ಲಿ ಬರೀ ಒಂದು ಮೊಳೆಯಂಥ ಪ್ಲಾಸ್ಟಿಕ್ ತುದಿ ಇರುತ್ತದೆ, ಅದನ್ನು ಕೊರೆದು 3 ಮಿ.ಮೀ. ಸ್ಕ್ರೂ ಹಾಕಿಕೊಳ್ಳುವುದು ಒಳ್ಳೆಯದು.

"ಪ್ಯಾನ್ 360 ಡಿಗ್ರಿ ಬೇಕಾದರೆ?"

ಯಾಕೆ ಬೇಕು ಅಂತ ಮೊದಲು ಕೇಳಿಕೊಳ್ಳಿ. ಈಸಿಸ್ಟಾರ್, ಬಿಕ್ಸ್ಲರ್ ಥರದ ಹಿಂಬದಿ ಪ್ರೊಪೆಲ್ಲರ್ ವಿಮಾನದ ಮೂತಿಯಲ್ಲಿ ಕ್ಯಾಮೆರಾ ಇದ್ದರೆ ಹಿಂದೆ ಕಾಣುವುದು ಅದರದ್ದೇ ಬೆನ್ನು. ಹೆಡ್ ಟ್ರ್ಯಾಕರ್ ಹಾಕಿ ನಿಮ್ಮ ತಲೆ ತಿರುಗಿಸಿದಂತೆ ಕ್ಯಾಮೆರಾ ತಿರುಗಿಸುವುದಾದರೂ ನಿಮ್ಮ ಕುತ್ತಿಗೆ ಒಂದೊಂದು ಕಡೆಗೆ 70–80 ಡಿಗ್ರಿಗಿಂತ ಹೆಚ್ಚು ಹೋಗುವುದಿಲ್ಲ. 180 ಸಾಕೋ ಸಾಕು. ಅದನ್ನೂ ಗೇರ್ ಹಾಕಿ ಹೆಚ್ಚಿಸಬೇಡಿ. 90ರ ಸರ್ವೋವನ್ನು ಒಂದಕ್ಕೆ ಎರಡು ಗೇರಿನಿಂದ 180 ಮಾಡಿದರೆ ಪ್ಲೇ, ಡೆಡ್ ಬ್ಯಾಂಡ್ ಎರಡೂ ಎರಡು ಪಟ್ಟು. ಅಷ್ಟೊತ್ತು ಕಷ್ಟಪಟ್ಟು ಉಳಿಸಿದ್ದನ್ನು ಅಲ್ಲಿ ಕಳೆದ ಹಾಗೆ. ಅದರ ಬದಲು ಕೈಯಲ್ಲಿ ಹಿಡಿಯುವ ರೇಡಿಯೋದಲ್ಲೇ ಪಲ್ಸನ್ನು ಹಿಗ್ಗಿಸಿ. ಎಡ್ಜ್‌ಟಿಎಕ್ಸ್ ಸಾಫ್ಟ್‌ವೇರ್ ಇರುವ ರೇಡಿಯೋದಲ್ಲಿ 100 ಪರ್ಸೆಂಟ್ ಅಂದರೆ 988ರಿಂದ 2012 ಮೈಕ್ರೊಸೆಕೆಂಡ್. ಎಕ್ಸ್‌ಟೆಂಡೆಡ್ ಲಿಮಿಟ್ಸ್ ಆನ್ ಮಾಡಿ 150ಕ್ಕೆ ಏರಿಸಿದರೆ 732ರಿಂದ 2268. ಸಾಧಾರಣ ಸರ್ವೋ 135–140 ಡಿಗ್ರಿ ತಿರುಗುತ್ತದೆ. ಆದರೆ ಎಲ್ಲ ಸರ್ವೋನೂ ಅಷ್ಟು ದೂರ ಹೋಗುವುದಿಲ್ಲ, ಒಳಗಿನ ತಡೆಗೆ ಗುದ್ದಿ ನಿಲ್ಲುತ್ತದೆ. ಗುದ್ದಿ ನಿಂತ ಸರ್ವೋ ಸ್ಟಾಲ್ ಕರೆಂಟ್ ಎಳೆಯುತ್ತಾ ಬಿಸಿಯಾಗಿ ಸುಡುತ್ತದೆ. ಒಂದೊಂದೇ ಹೆಜ್ಜೆ ಏರಿಸುತ್ತಾ ಕಿವಿಗೊಟ್ಟು ಕೇಳಿ, ಸದ್ದು ಬದಲಾದ ಕಡೆಯಿಂದ ಸ್ವಲ್ಪ ಹಿಂದೆ ಬನ್ನಿ.

ರೊಬೊಟಿಕ್ಸ್ ಅಂಗಡಿಯಲ್ಲಿ "360 ಡಿಗ್ರಿ ಸರ್ವೋ" ಅಂತ ಕೊಡುತ್ತಾರೆ, ಹುಷಾರು. ಬಹಳಷ್ಟು ಸಲ ಅದು ಸುತ್ತುತ್ತಲೇ ಇರುವ ಸರ್ವೋ. ಪಲ್ಸ್ ಅದಕ್ಕೆ ವೇಗ ಹೇಳುತ್ತದೆ, ಜಾಗ ಹೇಳುವುದಿಲ್ಲ. ನೇರ ನೋಡು ಅಂದರೆ ಅದಕ್ಕೆ ನೇರ ಯಾವುದು ಅಂತಲೇ ಗೊತ್ತಿರುವುದಿಲ್ಲ.

ಇದು ಸಣ್ಣ ವಿಷಯ ಅಲ್ಲ. ವಿಡಿಯೋ ಕನ್ನಡಕ ಹಾಕಿಕೊಂಡು ಅದರ ಪರದೆ ನೋಡುತ್ತಾ ಹಾರಿಸುವಾಗ ಕ್ಯಾಮೆರಾ ಎಡಕ್ಕೆ ತಿರುಗಿದ್ದು ಮರೆತರೆ, ವಿಮಾನ ಹೋಗುತ್ತಿರುವುದೂ ಆ ಕಡೆಗೇ ಅಂತ ಮನಸ್ಸು ನಂಬಿಬಿಡುತ್ತದೆ. ಒಂದು ಸ್ವಿಚ್ ಇಡಿ, ತಟ್ಟಿದರೆ ಕ್ಯಾಮೆರಾ ನೇರಕ್ಕೆ ಬರಬೇಕು. ಸಿಗ್ನಲ್ ಹೋದಾಗಿನ ಫೇಲ್‌ಸೇಫ್‌ನಲ್ಲೂ ಪ್ಯಾನ್-ಟಿಲ್ಟ್ ನಡುವಿಗೆ ಬರುವಂತೆ ಇಡಿ. ಮೂತಿಯ ನಡುವೆ ಕ್ಯಾಮೆರಾಗೆ ಕಾಣುವ ಹಾಗೆ ಕೆಂಪು ಟೇಪಿನ ಗುರುತು ಹಾಕಿ. ಲೇಸರ್ ಪರೀಕ್ಷೆಯಲ್ಲಿ ಎರಡೂ ಕಡೆಯಿಂದ ನಡುವಿಗೆ ಬರುವುದನ್ನು ಅಳೆದದ್ದು ಇದಕ್ಕೇ. ಪಕ್ಕದಲ್ಲಿ ಬರಿಗಣ್ಣಿನಲ್ಲಿ ವಿಮಾನ ನೋಡುತ್ತಿರುವ ಇನ್ನೊಬ್ಬರು ಇರಲೇಬೇಕು. 2021ರ ಡ್ರೋನ್ ನಿಯಮಗಳೂ ಮಾಡೆಲ್ ವಿಮಾನವನ್ನು ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಿ ಅನ್ನುತ್ತವೆ. ಬೆಂಗಳೂರಿನವರಿಗೆ ಜಕ್ಕೂರು, ಯಲಹಂಕ, ಎಚ್‌ಎಎಲ್ ಅಂತ ಸುತ್ತಲೂ ನಿಜವಾದ ವಿಮಾನಗಳೇ ಇವೆ, ಎಲ್ಲಿ ಹಾರಿಸಬಹುದು ಅಂತ ತೋರಿಸುವ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಹೊರಡಬೇಡಿ.

ವೇಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 60 ಡಿಗ್ರಿಗೆ 0.1 ಸೆಕೆಂಡ್ ಅಂದರೆ ಸೆಕೆಂಡಿಗೆ 600 ಡಿಗ್ರಿ, ನಿಮ್ಮ ತಲೆ ಅಷ್ಟು ಬೇಗ ತಿರುಗುವುದಿಲ್ಲ. ನೋಟಕ್ಕೆ ಹಿತವಾಗಿರಬೇಕಾದರೆ ರೇಡಿಯೋದಲ್ಲಿ ಸ್ಲೋ ಅಂತ ಇರುತ್ತದೆ, ಅದನ್ನು ಹಾಕಿ. ವೇಗವಾಗಿ ತಿರುಗಿ ತಟ್ಟನೆ ನಿಂತರೆ ಭಾರದ ಕ್ಯಾಮೆರಾ ಗುರಿ ದಾಟಿ ವಾಪಸ್ ಬರುತ್ತದೆ, ಅದೂ ನಡುಕದ ಹಾಗೇ ಕಾಣುತ್ತದೆ.

ಕರೆಂಟ್ ಮಾತ್ರ ಗಮನಿಸಿ. ವಿಮಾನದಲ್ಲಿ ಆಗಲೇ ನಾಲ್ಕು ಸರ್ವೋ ಇವೆ, ಈಗ ಇನ್ನೆರಡು. 9 ಗ್ರಾಂ ಸರ್ವೋನೇ ಸ್ಟಾಲ್ ಆದಾಗ ಅರ್ಧ ಆಂಪಿಯರ್‌ಗಿಂತ ಮೇಲೆ ಎಳೆಯುತ್ತದೆ. ಇಎಸ್‌ಸಿ, ಅಂದರೆ ಪ್ರೊಪೆಲ್ಲರ್ ಮೋಟರ್‌ನ ವೇಗ ನೋಡಿಕೊಳ್ಳುವ ಬೋರ್ಡು. ಅದರೊಳಗೆ ಬ್ಯಾಟರಿಯ ವೋಲ್ಟ್ ಇಳಿಸಿ ರಿಸೀವರ್, ಸರ್ವೋಗಳಿಗೆ ಕೊಡುವ ಬಿಇಸಿ ಲೀನಿಯರ್ ಆಗಿದ್ದರೆ, 3 ಸೆಲ್ ಬ್ಯಾಟರಿಯ 11.1 ವೋಲ್ಟನ್ನು 5ಕ್ಕೆ ಇಳಿಸುವಾಗ ಉಳಿದ 6.1 ವೋಲ್ಟನ್ನು ಶಾಖ ಮಾಡಿ ಕಳೆಯುತ್ತದೆ. ಒಂದು ಆಂಪಿಯರ್‌ಗೆ 6.1 ವ್ಯಾಟ್. ಅದು ಬಿಸಿಯಾಗಿ ಕೈಕೊಟ್ಟರೆ ಹೋಗುವುದು ಕ್ಯಾಮೆರಾ ಅಲ್ಲ, ರಿಸೀವರ್. ಪ್ಯಾನ್-ಟಿಲ್ಟಿಗೆ ಬೇರೆಯೇ ಒಂದು 5 ವೋಲ್ಟ್ 3 ಆಂಪಿಯರ್ ಯುಬಿಇಸಿ, ಅಂದರೆ ಬಿಡಿಯಾಗಿ ಸಿಗುವ ಬಿಇಸಿ ಕೊಟ್ಟುಬಿಡಿ. ಆಗ ಸರ್ವೋ ಪ್ಲಗ್‌ನ ನಡುವಿನ ಕೆಂಪು ತಂತಿಯನ್ನು ರಿಸೀವರ್ ಕಡೆಯಿಂದ ಬಿಡಿಸಬೇಕು, ನೆಗೆಟಿವ್ ಮಾತ್ರ ಎರಡಕ್ಕೂ ಸೇರಿರಬೇಕು. ವಿಡಿಯೋ ಕ್ಯಾಮೆರಾಗೆ ಈ 5 ವೋಲ್ಟಿನಿಂದ ಕರೆಂಟ್ ಕೊಡಬೇಡಿ. ಸರ್ವೋ ಅಲುಗಿದಾಗಲೆಲ್ಲ ಪರದೆ ಮೇಲೆ ಗೆರೆ ಓಡುತ್ತದೆ.

"ಸಾರ್, ನನ್ನ ಸರ್ವೋ ರೇಡಿಯೋದ ಕಡ್ಡಿ ಮುಟ್ಟದೇ ಇದ್ದರೂ ತಾನೇ ಅಲುಗುತ್ತದೆ."

ಎರಡು ಕಾರಣ ಸಾಮಾನ್ಯ. ವಿಡಿಯೋ ಟ್ರಾನ್ಸ್‌ಮಿಟರ್ ಆಫ್ ಮಾಡಿ ನೋಡಿ. ಅಲುಗಾಟ ನಿಂತರೆ ಸರ್ವೋ ತಂತಿ ಆಂಟೆನಾದಂತೆ ಆ ಸಿಗ್ನಲ್ ಹಿಡಿಯುತ್ತಿದೆ. ಟ್ರಾನ್ಸ್‌ಮಿಟರ್ ದೂರ ಸರಿಸಿ, ತಂತಿಗೆ ಫೆರೈಟ್ ರಿಂಗ್ ಸುತ್ತಿ. ನಿಲ್ಲದಿದ್ದರೆ ಪೊಟೆನ್ಶಿಯೋಮೀಟರ್ ನೋಡಿ. ಕ್ಯಾಮೆರಾ ಹೆಚ್ಚು ಹೊತ್ತು ನೇರವೇ ನೋಡುತ್ತಿರುತ್ತದೆ, ಪ್ರೊಪೆಲ್ಲರ್ ನಿಮಿಷಕ್ಕೆ 6000 ಸುತ್ತು ಅಂದರೆ ಸೆಕೆಂಡಿಗೆ 100 ಸಲ ಅದುರಿಸುತ್ತದೆ, ಅದೇ ಜಾಗದಲ್ಲಿ ಉಜ್ಜಿ ಉಜ್ಜಿ ನಡುವಿನಲ್ಲಿ ಮಾತ್ರ ಸವೆದಿರುತ್ತದೆ. ಸ್ವಲ್ಪ ಪಕ್ಕಕ್ಕೆ ತಿರುಗಿಸಿದಾಗ ಸರಿಯಾದರೆ ಇದೇ ರೋಗ. ರಿಪೇರಿ ಬೇಡ, ಬದಲಾಯಿಸಿ. ಮುಂದಿನ ಸಲ ಪ್ಯಾನ್-ಟಿಲ್ಟಿನ ಇಡೀ ತಟ್ಟೆಯನ್ನು ಮೆತ್ತಗಿನ ರಬ್ಬರ್ ಮೇಲೆ ಕೂರಿಸಿ. ಕ್ಯಾಮೆರಾಗೂ ಹಾರ್ನಿಗೂ ನಡುವೆ ಸ್ಪಂಜು ಇಟ್ಟರೆ ಹೊಸದಾಗಿ ಪ್ಲೇ ತಂದುಕೊಂಡ ಹಾಗೆ.

"ಗಿಂಬಲ್ ಇರುವಾಗ ಇದೆಲ್ಲ ಯಾಕೆ?"

ಸಿನಿಮಾದಂಥ ಚಿತ್ರ ಬೇಕಾದರೆ ಬೇಡವೇ ಬೇಡ, ಕ್ಯಾಮೆರಾವನ್ನು ತಾನೇ ಅಲುಗದಂತೆ ಹಿಡಿಯುವ ಬ್ರಶ್‌ಲೆಸ್ ಮೋಟರ್ ಗಿಂಬಲ್ ತಗೊಳ್ಳಿ. ಅದರಲ್ಲಿ ಗೇರೇ ಇಲ್ಲ, ಪ್ಲೇನೂ ಇಲ್ಲ. ಆದರೆ ಹಾರಿಸುವವನಿಗೆ ಪಕ್ಕಕ್ಕೆ ತಿರುಗಿ ನೋಡಲು ಕಣ್ಣು ಬೇಕು, ರೆಕ್ಕೆಯ ತುದಿ ಕಾಣಬೇಕು, ತೂಕ 40 ಗ್ರಾಂ ಒಳಗಿರಬೇಕು, ಬಿದ್ದರೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯಬೇಕು. ಅಲ್ಲಿ ಸರ್ವೋನೇ ಸರಿ. ಗೋಪ್ರೊ ಹೀರೊ 9 ಥರದ್ದನ್ನು ಹೊರಿಸುತ್ತೇನೆ ಅನ್ನಬೇಡಿ ಅಷ್ಟೆ, ಅದೊಂದೇ 158 ಗ್ರಾಂ.

"ಕೊನೆಗೆ ಹೆಸರು ಹೇಳಿ ಸಾರ್, ಯಾವುದು ತಗೊಳ್ಳಲಿ?"

30 ಗ್ರಾಂ ಒಳಗಿನ ಕ್ಯಾಮೆರಾಗೆ, ಟಿಲ್ಟಿಗೆ ಎಂಜಿ 90ಎಸ್ ದರ್ಜೆಯ ಮೆಟಲ್ ಗೇರ್, 13–14 ಗ್ರಾಂ ಬರುತ್ತದೆ. ಪ್ಯಾನ್‌ಗೆ ಅದೇ ಅಳತೆಯ, ಡೆಡ್ ಬ್ಯಾಂಡ್ 2–3 ಮೈಕ್ರೊಸೆಕೆಂಡ್ ಅಂತ ಬರೆದಿರುವ, ಬಾಲ್ ಬೇರಿಂಗ್ ಇರುವ ಡಿಜಿಟಲ್. ಅಷ್ಟು ಬಜೆಟ್ ಇಲ್ಲವಾ? ಹೇಗೂ ವಿಮಾನಕ್ಕೆ ನಾಲ್ಕು, ಕ್ಯಾಮೆರಾಗೆ ಎರಡು, ಆರು ಎಸ್‌ಜಿ 90 ಬೇಕಲ್ಲ. ಆರನ್ನೂ ಒಟ್ಟಿಗೆ ತನ್ನಿ, ಲೇಸರ್ ಕಟ್ಟಿ ಒಂದೊಂದನ್ನೇ ಗೋಡೆಗೆ ಬಿಡಿ, ಮೈಮೇಲೆ ಪೆನ್ನಿನಲ್ಲಿ ಮಿಲಿಮೀಟರ್ ಬರೆಯಿರಿ. ಎಲ್ಲಕ್ಕಿಂತ ಕಡಿಮೆ ಬಂದದ್ದು ಪ್ಯಾನ್‌ಗೆ, ಎರಡನೆಯದು ಟಿಲ್ಟಿಗೆ, ಉಳಿದವು ರೆಕ್ಕೆಗೆ, ಬಾಲಕ್ಕೆ.